ಗುಡ್ಡದಿಂದ ಹಾರಿದವನ ತಂಗಿ

ಟೈಲರಕ್ಕನ ಅಣ್ಣ ಗುಡ್ಡದಿಂದ ಹಾರಿದ ಮರುದಿನ ಪತ್ರಿಕೆಯಲ್ಲಿ ಸಣ್ಣದೊಂದು ಸುದ್ದಿ ಬಂತು. ತಲೆಬರಹ: ‘ಗುಡ್ಡದಿಂದ ಹಾರಿದ ಯುವಕ ಪಾರು’. ಅದರಲ್ಲಿ ಒಂದಕ್ಷರವೂ ಸುಳ್ಳಲ್ಲ. ಅವನು ಯುವಕನಾಗಿದ್ದ, ಗುಡ್ಡದಿಂದ ಹಾರಿದ್ದ, ಪಾರಾಗಿದ್ದ. ಆದರೂ ಓದಿದವರೆಲ್ಲ ‘ಅಯ್ಯೋ ಪಾಪ’ ಎಂದರು. ಹಕ್ಕಿಯೂ ಹಾರುತ್ತದೆ, ಬಾವಿಗೂ ಹಾರುತ್ತಾರೆ. ನಮ್ಮ ಭಾಷೆಯಲ್ಲಿ ಎರಡಕ್ಕೂ ಒಂದೇ ಮಾತು. ಊರು ಬಾವಿಯ ಅರ್ಥವನ್ನು ಆರಿಸಿಕೊಂಡಿತು.

ನಡೆದದ್ದು ಇಷ್ಟು. ಅಣ್ಣ ಬಿದಿರು ಕುರ್ಚಿ ಮಾಡುವ ಅಂಗಡಿಯಲ್ಲಿ ಕೆಲಸಕ್ಕಿದ್ದ. ಹಳೆಯ ವಾರಪತ್ರಿಕೆಯೊಂದರಲ್ಲಿ, ಮೂರು ಮೂಲೆಯ ರೆಕ್ಕೆಗೆ ನೇತುಬಿದ್ದು ಗಾಳಿಯಲ್ಲಿ ಹೋಗುತ್ತಿರುವ ಮನುಷ್ಯನ ಚಿತ್ರ ಅವನ ಕಣ್ಣಿಗೆ ಬಿತ್ತು. ಅದಕ್ಕೆ ಹ್ಯಾಂಗ್ ಗ್ಲೈಡರ್ ಎಂದು ಹೆಸರಿರುವುದು ಅವನಿಗೆ ತಿಳಿದದ್ದು ಅದರಿಂದ ಕೆಳಗಿಳಿದು ಎಷ್ಟೋ ವರ್ಷಗಳ ಮೇಲೆ. ಬಿದಿರಿನ ಚೌಕಟ್ಟು ತಾನೇ ಕಟ್ಟಿದ. ಕೊಡೆ ಬಟ್ಟೆ ತಂದು, ಆಗಷ್ಟೇ ಹೊಲಿಗೆ ಕಲಿಯುತ್ತಿದ್ದ ತಂಗಿಯ ಮುಂದೆ ಹಾಕಿದ.

“ಏನೋ ಇದು?”

“ಅಂಗಡಿ ಮುಂದೆ ಕಟ್ಟೋಕೆ. ಬಿಸಿಲಿಗೆ.”

ಬಿಸಿಲಿನ ಮರೆಗೆ ಮೂರೇ ಮೂಲೆ ಯಾಕೆಂದು ಆಕೆ ಕೇಳಲಿಲ್ಲ. ಜೋಡಿ ಹೊಲಿಗೆ ಹಾಕಿ ಕೊಟ್ಟಳು.

ಜನ ಓಡಿಬಂದಾಗ ಅವನು ಕಾಲು ಮುರಿದುಕೊಂಡು ಹೊಲದಲ್ಲಿ ಬಿದ್ದಿದ್ದ. ಬಿದಿರು ಚೂರಾಗಿತ್ತು. ಆ ಬಟ್ಟೆಯಲ್ಲೇ ಅವನನ್ನು ಸುತ್ತಿ ಆಸ್ಪತ್ರೆಗೆ ಹೊತ್ತರು. ರೆಕ್ಕೆಗೆ ನೇತುಬೀಳಲು ಎದೆಗೆ ಕಟ್ಟಿಕೊಂಡಿದ್ದ ಹಗ್ಗ ಹಾಗೇ ಇತ್ತು. ಗುಡ್ಡವೂ ಇತ್ತು, ಹಗ್ಗವೂ ಇತ್ತು. ಪೊಲೀಸರಿಗೆ ಇನ್ನೇನು ಬೇಕು?

ಅಲ್ಲಿಂದ ಮುಂದೆ ಮನೆಯವರು ಅವನನ್ನು ಒಬ್ಬನನ್ನೇ ಮಹಡಿಗೆ ಬಿಡಲಿಲ್ಲ. ಬಲ್ಬು ಬದಲಿಸಲು ಸ್ಟೂಲು ಹತ್ತಿದರೂ ಅಮ್ಮ ಸ್ಟೂಲಿನ ಕಾಲು ಹಿಡಿದುಕೊಂಡು, “ಎಲ್ಲಾ ಸರಿಹೋಗುತ್ತೆ ಕಣೋ,” ಎನ್ನುತ್ತಿದ್ದಳು. ಮದುವೆ ಮಾತಿಗೆ ಬಂದವರು ಯಾಕೆ ಹಾರಿದಿ ಎಂದು ಕೇಳಿದರೆ, “ಗಾಳಿ ಚೆನ್ನಾಗಿತ್ತು,” ಎನ್ನುತ್ತಿದ್ದ. ಅವರು ಚಹಾ ಮುಗಿಸಿ ಎದ್ದುಹೋಗುತ್ತಿದ್ದರು. ಒಬ್ಬಳು ಮಾತ್ರ “ಎಷ್ಟು ದೂರ?” ಎಂದು ಕೇಳಿದಳು. ಅವಳನ್ನೇ ಮದುವೆಯಾದ.

ವಯಸ್ಸಾಗಿ, ಜ್ವರ ಬಂದು, ಮನೆಯ ಮಂಚದ ಮೇಲೆ ಅವನು ತೀರಿಕೊಂಡ. ಸಾವಿನ ಮನೆಗೆ ಬಂದ ಪಕ್ಕದ ಬೀದಿಯ ದೊಡ್ಡವರೊಬ್ಬರು ಟೈಲರಕ್ಕನ ಕೈ ಹಿಡಿದು, “ಅಂತೂ ಹಾಸಿಗೆಯಲ್ಲೇ ಹೋದನಲ್ಲಮ್ಮ, ನಮಗೆಲ್ಲ ಅದೊಂದು ಸಮಾಧಾನ,” ಎಂದರು. ಆಕೆ ಕೈ ಬಿಡಿಸಿಕೊಂಡಳು. ಅಣ್ಣ ಸಾಯಲು ಹಾರಿದನೆಂಬ ಈ ಮಾತನ್ನು ಹೀಗೇ ಬಿಟ್ಟು ತಾನು ಸಾಯಬಾರದು ಎಂದು ತೀರ್ಮಾನಿಸಿದ್ದು ಆಗ.

ಆ ಹೊತ್ತಿಗೆ ಅದೇ ಗುಡ್ಡದಿಂದ ಭಾನುವಾರಗಳಲ್ಲಿ ಹುಡುಗ ಹುಡುಗಿಯರು ಹೆಲ್ಮೆಟ್ ಹಾಕಿಕೊಂಡು ಹಾರುತ್ತಿದ್ದರು. ಅವರ ಹಾರಾಟಕ್ಕೊಂದು ಕ್ಲಬ್ಬಿತ್ತು. ಅದರ ಕಾರ್ಯದರ್ಶಿ ಹಲ್ಲಿನ ಡಾಕ್ಟರು. ಮೊದಮೊದಲಿನ ಗ್ಲೈಡರುಗಳು ಗುಜರಿ ಸೇರುವ ಮುನ್ನ ಸಿಕ್ಕಿದ್ದನ್ನೆಲ್ಲ ಒಂದು ಕೋಣೆಯಲ್ಲಿ ಕಾಪಾಡಬೇಕೆಂದು ಅವರು ಹೊರಟಿದ್ದರು. ಟೈಲರಕ್ಕ ಟ್ರಂಕಿನಿಂದ ಕೊಡೆ ಬಟ್ಟೆ ತೆಗೆದುಕೊಂಡು ಹೋದಳು. ವರ್ಷಕ್ಕೊಮ್ಮೆ ಬಿಡಿಸಿ ಬೇರೆ ಜಾಗದಲ್ಲಿ ಮಡಿಸಿಡುತ್ತಿದ್ದಳು. ಒಂದೇ ಕಡೆ ಮಡಿಸಿದರೆ ಬಟ್ಟೆ ಅಲ್ಲೇ ಸೀಳುತ್ತದೆ. ಹಾಗಾಗಿ ಬಟ್ಟೆಗೆ ಏನೂ ಆಗಿರಲಿಲ್ಲ.

ಡಾಕ್ಟರು ಅದನ್ನು ನೆಲದ ಮೇಲೆ ಹರಡಿ, ಸುತ್ತ ಒಂದು ಸಲ ನಡೆದು, ಕನ್ನಡಕ ತೆಗೆದು ಒರೆಸಿಕೊಂಡರು.

“ಬಟ್ಟೆ ಇದೆ ಅಕ್ಕಾ. ಆದ್ರೆ ಇದು ಹಾರಿತ್ತು ಅನ್ನೋಕೆ ಏನಿದೆ? ಪೇಪರಲ್ಲಿ ಬಂದಿರೋದೇ ಬೇರೆ.”

“ಪೇಪರಲ್ಲೂ ಹಾರಿದ ಅಂತಾನೇ ಇದೆಯಲ್ಲ ಡಾಕ್ಟ್ರೇ.”

“ಆ ಹಾರಿದ ಅಲ್ಲಕ್ಕಾ, ಇದು.”

“ಯಾವ ಹಾರಿದ ಅಂತ ಅವರೇನು ಬರೆದಿದ್ದಾರಾ?”

ಡಾಕ್ಟರು ಬಟ್ಟೆ ಮಡಿಸಿ ಆಕೆಯ ಕೈಗಿಟ್ಟರು. ಕಣ್ಣಾರೆ ಕಂಡವರು ಒಬ್ಬರಾದರೂ ಬೇಕು, ಇಲ್ಲದಿದ್ದರೆ ಬಟ್ಟೆಯನ್ನು ಕೋಣೆಯಲ್ಲಿಡಲು ಕ್ಲಬ್ಬಿನವರು ಒಪ್ಪುವುದಿಲ್ಲ ಎಂದರು.

ಆಕೆ ತನ್ನ ಹೊಲಿಗೆ ಅಂಗಡಿಯಲ್ಲೇ ಹುಡುಕತೊಡಗಿದಳು. ತಲೆ ನೆರೆತ ಯಾರೇ ಬರಲಿ, ಎದೆಗೆ ಟೇಪು ಸುತ್ತಿದ ಮೇಲೆ, “ನಮ್ಮಣ್ಣ ಗುಡ್ಡದಿಂದ ಹಾರಿದ ವರ್ಷ ನೀವೆಲ್ಲಿದ್ರಿ?” ಎಂದು ಕೇಳುವಳು. ಅಳತೆ ಕೊಡಲು ನಿಂತವರು ಓಡಿಹೋಗಲಾರರು. ಹೆಚ್ಚಿನವರು ಏನೂ ಕಂಡಿರಲಿಲ್ಲ. ಒಬ್ಬರು ಕಂಡೆ ಎಂದರು, ರೆಕ್ಕೆಗೆ ಬೆಂಕಿ ಹತ್ತಿತ್ತು ಎಂದೂ ಸೇರಿಸಿದರು. ಆಕೆ ಅವರ ಪ್ಯಾಂಟಿನ ಅಳತೆ ತೆಗೆದುಕೊಂಡಳು, ಸಾಕ್ಷ್ಯ ತೆಗೆದುಕೊಳ್ಳಲಿಲ್ಲ.

ಹೀಗೇ ಒಂದು ಮಧ್ಯಾಹ್ನ, ಮಗಳ ಮನೆಯಲ್ಲಿರಲು ಬಂದಿದ್ದ ನಿವೃತ್ತ ಲೈನ್‌ಮ್ಯಾನ್ ಒಬ್ಬರು ಷರಟು ಹೊಲಿಸಲು ಬಂದರು. ಆಕೆಯ ಪ್ರಶ್ನೆ ಕಿವಿಗೆ ಬಿದ್ದದ್ದೇ, ಎರಡೂ ಕೈ ಎತ್ತಿ ನಿಂತಲ್ಲೇ, “ಆ ವರ್ಷ ಇಲ್ಲೇ ಡ್ಯೂಟಿ. ಒಬ್ಬ ನನ್ನ ತಲೆ ಮೇಲೇ ಹೋಗಿದ್ದ,” ಎಂದರು.

ಟೇಪು ಅವರ ಎದೆಗೇ ಇರಲಿ ಎಂದು ಬಿಟ್ಟು ಆಕೆ ಡಾಕ್ಟರಿಗೆ ಫೋನು ಮಾಡಿದಳು.

ಹೇಳಿಕೆ ರೆಕಾರ್ಡು ಮಾಡಿಕೊಂಡದ್ದು ದವಾಖಾನೆಯಲ್ಲಿ. ಅಲ್ಲಿದ್ದದ್ದು ಹಲ್ಲು ಕೀಳುವ ಕುರ್ಚಿಯೊಂದೇ. ಲೈನ್‌ಮ್ಯಾನ್ ಅದರಲ್ಲಿ ಒರಗಿದ ಕೂಡಲೇ ಬಾಯಿ ತೆರೆದರು.

“ಅಷ್ಟು ಅಗಲ ಬೇಡ ಯಜಮಾನ್ರೇ, ಮಾತಾಡಿದ್ರೆ ಸಾಕು,” ಎಂದರು ಡಾಕ್ಟರು. “ಏನು ಕಂಡ್ರಿ?”

“ಅವನು ಹಾರಿದ.”

“ಹಾರಿದ ಅಂದ್ರೆ?”

“ಹಾರಿದ ಅಂದ್ರೆ ಹಾರಿದ. ಇನ್ನು ಹೇಗೆ ಹೇಳ್ಲಿ?”

“ಜಿಗಿದು ಬಿದ್ದನೋ ಅಥವಾ…”

“ಕೇಳಿ ಇಲ್ಲಿ. ನಾನಿದ್ದ ಕಂಬ ಗುಡ್ಡದ ಬುಡದಲ್ಲಿರಲಿಲ್ಲ. ಕಾಲುವೆ ಆಚೆ, ಹೊಲದ ಮಧ್ಯೆ. ಆ ಕಂಬದ ತುದೀಲಿ ಕೂತು ನಾನು ತಲೆ ಎತ್ತಿ ನೋಡಿದೆ ಅವನನ್ನ. ‘ವೈರು! ವೈರು!’ ಅಂತ ಕಿರುಚಿದೆ. ‘ಕಾಣಿಸ್ತಿದೆ ಕಣೋ, ನೀನು ಗಟ್ಟಿಯಾಗಿ ಹಿಡ್ಕೋ!’ ಅಂದ.”

ಟೈಲರಕ್ಕ ಕಿಟಕಿಯ ಕಡೆ ತಿರುಗಿದಳು. “ಅವನೇ,” ಎಂದಳು.

“ಆಮೇಲೆ ಬಿದ್ದನಾ?” ಡಾಕ್ಟರು ಕೇಳಿದರು.

“ಇಳಿದ. ಇಳಿದು ಓಡಿದ. ಓಡ್ತಾ ಬದು ಎಡವಿ ಬಿದ್ದ. ನಾನೂ ನೀವೂ ಬೀಳೋ ಹಾಗೇ.”

“ಯಜಮಾನ್ರೇ,” ಎಂದಳು ಟೈಲರಕ್ಕ, “ಇಷ್ಟು ವರ್ಷ ಯಾಕೆ ಯಾರಿಗೂ ಹೇಳಲಿಲ್ಲ?”

“ನಾನು ಕಂಬ ಇಳಿಯೋದ್ರಲ್ಲಿ ಹೊತ್ಕೊಂಡು ಹೋಗಿದ್ರು. ಆಮೇಲೆ ನನಗೆ ಬೇರೆ ಊರಿಗೆ ವರ್ಗ ಆಯ್ತು. ಹೇಳೋದೇನಮ್ಮ? ಪೇಪರಲ್ಲೇ ಬಂದಿತ್ತಲ್ಲ, ಹಾರಿದ ಅಂತ. ಸರಿಯಾಗೇ ಬರೆದಿದ್ದಾರೆ ಅಂದ್ಕೊಂಡೆ.”

ಆ ಸುದ್ದಿಯನ್ನು ಬರೆದಿದ್ದ ಹಾಗೇ ಓದಿಕೊಂಡವರು ಊರಿಗೆಲ್ಲ ಅವರೊಬ್ಬರೇ. ಡಾಕ್ಟರು ರೆಕಾರ್ಡು ನಿಲ್ಲಿಸಿ, ಇಷ್ಟು ಸಾಕು, ಬಟ್ಟೆ ಕೋಣೆಗೆ ಬರುತ್ತದೆ ಎಂದರು. ಬಟ್ಟೆಯ ಕೆಳಗೆ ಹಾಕುವ ಫಲಕಕ್ಕೆ ಅಲ್ಲೇ ಒಂದು ಸಾಲು ಬರೆದು ಓದಿದರು: “‘ಈ ಗುಡ್ಡದಿಂದ ಮೊದಲು ಗಾಳಿಯಲ್ಲಿ ತೇಲಿದವನು.’”

“ತೇಲೋದು ಹೆಣ,” ಎಂದಳು ಆಕೆ. “ಹಾರಿದ ಅಂತ ಬರೀರಿ.”

“ಜನ ಮತ್ತೆ ಅದೇ ಅರ್ಥ ಮಾಡ್ಕೊಂಡ್ರೆ?”

“ಮುಂದೆ ಇಳಿದ ಅಂತ ಸೇರಿಸಿ. ಸಾಯೋಕೆ ಹಾರಿದವರು ಬೀಳ್ತಾರೆ, ಇಳಿಯಲ್ಲ.”

ಡಾಕ್ಟರು ಹಳೆಯ ಸಾಲನ್ನು ಹೊಡೆದುಹಾಕಿ ಬರೆಯತೊಡಗಿದರು. ‘ಗುಡ್ಡದಿಂದ ಹಾರಿ, ಕಾಲುವೆಯ ಆಚೆ ಇಳಿದ’ ಎಂಬಲ್ಲಿಗೆ ಬಂದು ಪೆನ್ನು ನಿಲ್ಲಿಸಿದರು.

“ಇಳಿದರು ಅಂತ ಮಾಡ್ಲಾ ಅಕ್ಕಾ? ಮರ್ಯಾದೆಗೆ?”



“ಮಾಡಿ,” ಎಂದಳು. “ಊರಲ್ಲಿ ಅವನಿಗೆ ಯಾರೂ ಬಹುವಚನ ಕೊಟ್ಟಿರಲಿಲ್ಲ.”