ಬಿಡಿಸಿ ತಂದ ಮೇಲೆ ಬಾ

ಬೀದಿಯ ತಿರುವಿನಲ್ಲಿ ಪ್ಯಾಂಟು, ಷರ್ಟು ಹೊಲಿಯುವ ಟೈಲರಿಗೆ ಗಿರಾಕಿಗಳು ಇಟ್ಟ ಹೆಸರು ‘ನಾಳೆ ಬನ್ನಿ’. ಅವನ ಕೈಕೆಲಸದ ಬಗ್ಗೆ ಎರಡು ಮಾತಿಲ್ಲ, ಹೇಳಿದ ದಿನಕ್ಕೆ ಬಟ್ಟೆ ಕೊಟ್ಟದ್ದು ಮಾತ್ರ ಯಾರಿಗೂ ನೆನಪಿಲ್ಲ. ಸೋಮಾರಿ ಅಂದುಕೊಳ್ಳಬೇಡಿ. ಅಳತೆಗೆ ಕತ್ತರಿಸುವ ಕಂದು ಕಾಗದದ ಮೇಲೆ ಅವನೊಂದು ಲೆಕ್ಕ ಹಿಡಿದು ಕೂತರೆ ಹೊತ್ತು ಹೋದದ್ದೇ ತಿಳಿಯುತ್ತಿರಲಿಲ್ಲ. ಹದಿನೇಳನೆಯ ವಯಸ್ಸಿನಿಂದ ಅದೇ ಒಂದು ಲೆಕ್ಕ.

ಕಾಲೇಜಿನಲ್ಲಿ ಗಣಿತಕ್ಕೆ ಅವನೇ ಮುಂದು, ಜಂಬಕ್ಕೂ ಅವನೇ. ಅಲ್ಲಿನ ಗಣಿತದ ಮೇಷ್ಟ್ರಿಗೆ ಒಂದು ಅಭ್ಯಾಸವಿತ್ತು. ಪ್ರತಿ ವರ್ಷ ತರಗತಿಯ ಅತಿ ಚುರುಕು ಹುಡುಗನನ್ನು ಬೋರ್ಡಿನ ಹತ್ತಿರ ಕರೆದು, ಒಂದು ಇಂಟಿಗ್ರೇಷನ್ ಬರೆದು, “ಬಿಡಿಸಿ ತಂದ ಮೇಲೆ ಕ್ಲಾಸಿಗೆ ಬಾ” ಎನ್ನುವುದು. ಇಂಗ್ಲಿಷಿನ ಇ ಅಕ್ಷರದ ತಲೆಯ ಮೇಲೆ ಮೈನಸ್ ಎಕ್ಸ್ ಸ್ಕ್ವೇರ್, ಅಷ್ಟೇ. ಹಿಂದಿನ ವರ್ಷಗಳ ಹುಡುಗರು ಬಿಡಿಸಲಾಗದೆ ಮಾರನೆಯ ದಿನ ಹಲ್ಲು ಕಿರಿಯುತ್ತ ಬಂದು ಕೂತಿದ್ದರು. ಇವನು ಮಾತನ್ನು ಮಾತೆಂದೇ ತಿಳಿದ.

ಪಕ್ಕದಲ್ಲಿ ಗುಣಿಸಲು ಇನ್ನೊಂದು ಎಕ್ಸ್ ಇದ್ದಿದ್ದರೆ ಎರಡೇ ಸಾಲಿನಲ್ಲಿ ಮುಗಿಯುವ ಲೆಕ್ಕ. ಅದಿಲ್ಲದೆ ಯಾವ ದಾರಿ ಹಿಡಿದರೂ ಹೊರಟಲ್ಲಿಗೇ ಬಂದು ನಿಲ್ಲುತ್ತಿತ್ತು. ಬರಿಗೈಯಲ್ಲಿ ಕ್ಲಾಸಿಗೆ ಹೋಗಲು ಅವನಿಗೆ ಮುಖವಿರಲಿಲ್ಲ. ಒಂದು ವಾರ ಹೋಯಿತು, ಒಂದು ತಿಂಗಳು ಹೋಯಿತು, ಕೊನೆಗೆ ಅಪ್ಪನ ಹೊಲಿಗೆ ಮೆಷಿನ್ ಮುಂದೆ ಕೂತ. ತಾನು ದಡ್ಡ ಎಂದು ತಾನೇ ತೀರ್ಮಾನಿಸಿಬಿಟ್ಟ. ಪೆದ್ದು ಹಠ, ಒಪ್ಪುತ್ತೇನೆ. ಆದರೆ ಆ ವಯಸ್ಸಿನಲ್ಲಿ ಅವಮಾನಕ್ಕಿಂತ ದೊಡ್ಡದು ಇನ್ನೇನಿರುತ್ತದೆ?

ಮಗಳು ಈಗ ಡಿಗ್ರಿಯಲ್ಲಿ ಗಣಿತ ಓದುತ್ತಿದ್ದಾಳೆ. ಅಪ್ಪನ ಗೀಚಾಟವನ್ನು ಚಿಕ್ಕಂದಿನಿಂದ ನೋಡಿದವಳೇ. ಅದೇನೆಂದು ಅರ್ಥವಾದದ್ದು ಮಾತ್ರ ಈ ವರ್ಷ, ಊಟದ ಡಬ್ಬಿ ತಂದ ಒಂದು ಮಧ್ಯಾಹ್ನ.

“ಅಪ್ಪಾ, ಇದು ಬಿಡಿಸೋಕೆ ಬರಲ್ಲ.”

“ನನಗೆ ಬರಲ್ಲ ಅಂತ ನೀನು ಬೇರೆ ಹೇಳಬೇಕಾ?”

“ನಿಮಗಲ್ಲಪ್ಪ, ಯಾರಿಗೂ ಬರಲ್ಲ. ಗ್ರಾಫಿನ ಗೆರೆ ಕೆಳಗಿನ ಜಾಗ ಎಷ್ಟು ಅಂತ ಬೇಕಾದಷ್ಟು ನಿಖರವಾಗಿ ಅಳೀಬಹುದು. ಆದ್ರೆ ಸೈನ್, ಕಾಸ್, ಲಾಗ್, ವರ್ಗಮೂಲ, ನಮಗೆ ಗೊತ್ತಿರೋದನ್ನೆಲ್ಲ ಹೇಗೆ ಕೂಡಿಸಿ ಗುಣಿಸಿದ್ರೂ ಅದಕ್ಕೆ ಸೂತ್ರ ಬರೆಯೋಕಾಗಲ್ಲ. ಆಗಲ್ಲ ಅಂತ ಸಾಬೀತು ಮಾಡಿ ನೂರು ವರ್ಷದ ಮೇಲಾಯ್ತು.”

ಅವನು ಕತ್ತರಿ ಕೆಳಗಿಟ್ಟ. ಮೊದಲು ಎದೆ ಹಗುರಾಯಿತು, ಆಮೇಲೆ ಮೈಯೆಲ್ಲ ಉರಿಯಿತು. ಆಗದ ಲೆಕ್ಕ ಕೊಟ್ಟು ತನ್ನ ಓದು ಹಾಳು ಮಾಡಿದರಲ್ಲ! ಡಬ್ಬಿ ಬಿಚ್ಚದೆ, ಅಂಗಡಿಯ ಶಟರ್ ಎಳೆದು ಮೇಷ್ಟ್ರ ಮನೆಗೆ ಹೊರಟ. ದಾರಿಯುದ್ದಕ್ಕೂ ಬೈಗುಳ ಜೋಡಿಸಿಕೊಂಡ.

ಮೇಷ್ಟ್ರು ಕಿಟಕಿ ಪಕ್ಕದ ಮಂಚದಲ್ಲಿ ದಿಂಬಿಗೆ ಒರಗಿದ್ದರು. ಮಂಜಾದ ಕಣ್ಣಿಗೆ ಗುರುತು ಹತ್ತಲು ಸ್ವಲ್ಪ ಹೊತ್ತು ಬೇಕಾಯಿತು. ಹತ್ತಿದ್ದೇ ತಡ, ಎದ್ದು ಕೂರಲು ಹವಣಿಸಿದರು.

“ಬಂತೇನೋ ಉತ್ತರ?”

ಆ ಮುಖದಲ್ಲಿ ಕುಚೋದ್ಯವಿರಲಿಲ್ಲ, ಆಸೆಯಿತ್ತು. ಜೋಡಿಸಿಕೊಂಡ ಬೈಗುಳ ಬಿಟ್ಟು ಅವನು ಮಂಚದ ಪಕ್ಕ ಕೂತ.

“ಅದು ಯಾರಿಗೂ ಬರಲ್ಲ ಸಾರ್. ಬರಲ್ಲ ಅಂತ ಯಾವತ್ತೋ ಸಾಬೀತಾಗಿದೆ. ನಿಮಗೆ ಗೊತ್ತಿರಲಿಲ್ವಾ?”

ಮೇಷ್ಟ್ರು ಮತ್ತೆ ದಿಂಬಿಗೆ ಒರಗಿದರು.

“ನನ್ನ ಮೇಷ್ಟ್ರು ನನಗೆ ಕೊಟ್ಟಿದ್ರು. ಆಗಲಿಲ್ಲ. ನಾನೇ ದಡ್ಡ ಅಂದ್ಕೊಂಡೆ. ಇನ್ನೊಬ್ಬರನ್ನ ಕೇಳೋಕೆ ನಾಚಿಕೆ. ಚುರುಕು ಹುಡುಗರಿಗೆ ಕೊಟ್ರೆ ಯಾರಾದ್ರೂ ಒಬ್ಬ ತರ್ತಾನೆ ಅಂತ ಆಸೆ. ನೀನು ತಂದೇ ತರ್ತೀಯ ಅಂದ್ಕೊಂಡಿದ್ದೆ. ಆಮೇಲೆ ಕಾಲೇಜಿಗೇ ಬರಲಿಲ್ಲ. ಅಂಗಡಿಗೆ ಜನ ಬೇಕಾಯ್ತೇನೋ, ಅಪ್ಪ ಬಿಡಿಸಿರಬೇಕು ಅಂದ್ಕೊಂಡೆ.”

“ಅಪ್ಪ ಅಲ್ಲ ಸಾರ್. ಬಿಡಿಸಿ ತಂದ ಮೇಲೆ ಬಾ ಅಂತ ನೀವೇ ಹೇಳಿದ್ರಿ.”

ಮೇಷ್ಟ್ರು ಅವನ ಕೈ ಹಿಡಿದುಕೊಂಡರು.

“ಬರಲಿಲ್ಲ ಸಾರ್ ಅಂತ ಬಂದು ಒಂದು ಮಾತು ಹೇಳಿದ್ರೆ ಸಾಕಿತ್ತಲ್ಲೋ. ನನಗೂ ಬಂದಿಲ್ಲ, ಕೂತ್ಕೋ ಅಂತಿದ್ದೆ.”