ದೇವರ ಮಾಡದ ಜೇನು

ಇವತ್ತು ಮುಂಜಾನೆ ಗಾಂಧಿ ಚೌಕದ ಒಂದು ಅಂಗಡಿಯಲ್ಲಿ ಚುರಮುರಿ ಕಟ್ಟಿಸಿಕೊಳ್ಳುತ್ತ ನಿಂತಿದ್ದೆ. ಅಂಗಡಿಯವನು ಹೊಸದಾಗಿ ಬಂದ ಜೇನಿನ ಬಾಟಲಿಯ ಮುಚ್ಚಳ ತೆಗೆದು ನನ್ನ ಮೂಗಿನ ಹತ್ತಿರ ಹಿಡಿದ. “ವಾಸನಿ ನೋಡ್ರಿ ಸರ. ಹಾರ್ಟಿಗಿ ಚಲೋ, ಸಕ್ಕರಿ ಬ್ಯಾನಿಗಿ ಚಲೋ, ಬೊಜ್ಜಿಗಿ ಚಲೋ.” ನೀವು ನನ್ನ ಪಕ್ಕದಲ್ಲಿದ್ದಿದ್ದರೆ, ನಾನು ಸುಮ್ಮಸುಮ್ಮನೆ ನಕ್ಕಿದ್ದನ್ನು ಕಂಡು ಇವನಿಗೇನೋ ಆಗಿದೆ ಎಂದುಕೊಳ್ಳುತ್ತಿದ್ದಿರಿ. ಸೂರ್ಯಕಾಂತಿ ಹೊಲದಲ್ಲಿ ಬಿಸಿಲೇರಿದಾಗ ಬರುವ ವಾಸನೆ ಅದು. ನಾಲ್ಕು ವರ್ಷದ ಹಿಂದೆ ಇಂಥದೇ ಜೇನನ್ನು ಊರೂರಿಗೆ ಹೊತ್ತು ಹಂಚಿದವನು ನಾನು. ಊರೂರಿಗೆ ಅನ್ನುವುದು ಬಡಾಯಿ. ಒಂದೇ ಊರಿಗೆ, ಬಬಲೇಶ್ವರದ ನಮ್ಮ ಅಕ್ಕನ ಮನೆಗೆ.

ಆಗಷ್ಟೇ ನಾನು ಹೈಸ್ಕೂಲು ಮಾಸ್ತರಕಿಯಿಂದ ನಿವೃತ್ತನಾಗಿದ್ದೆ. ಅಥಣಿ ರಸ್ತೆಯ ಹೊಸ ಬಡಾವಣೆಯಲ್ಲಿ ಮನೆ, ಕೈಯಲ್ಲಿ ಮೊಬೈಲು, ಮುಂದೆ ಇಡೀ ದಿನ. ನಿವೃತ್ತ ಮಾಸ್ತರನಿಗೆ ಮೊಬೈಲು ಸಿಕ್ಕಿತೆಂದರೆ ಊರಿಗೆ ಇನ್ನೊಬ್ಬ ಡಾಕ್ಟರು ಬಂದ ಎಂದೇ ತಿಳಿಯಿರಿ. ನನಗೆ ಬಿ.ಪಿ. ಇತ್ತು, ಸಕ್ಕರೆ ಗಡಿಯ ಮೇಲೆ ಕೂತಿತ್ತು. ಮೆಂತ್ಯೆ ನೆನೆಸಿ ಕುಡಿದೆ, ಹಾಗಲಕಾಯಿ ರಸ ಕುಡಿದು ಹೆಂಡತಿಯ ಮೇಲೆ ರೇಗಿದೆ. ಒಂದು ದಿನ ಜೇನಿನ ಬಗ್ಗೆ ಲೇಖನ ಸಿಕ್ಕಿತು. ಜೇನು ರಕ್ತದ ಕೆಟ್ಟ ಕೊಬ್ಬನ್ನು ಇಳಿಸಬಹುದು, ಹೃದಯಕ್ಕೆ ಒಳ್ಳೆಯದಿರಬಹುದು ಎಂದಿತ್ತು. ಅರ್ಧ ಓದುವಷ್ಟರಲ್ಲಿ ನಾನು ಚಪ್ಪಲಿ ಮೆಟ್ಟಿದ್ದೆ. “ಪ್ರಶ್ನೆ ಪೂರ್ತಿ ಓದ್ರಿ, ಆಮ್ಯಾಲೆ ಉತ್ತರ ಬರೀರಿ” ಎಂದು ಮಕ್ಕಳ ಮುಂದೆ ಜೀವಮಾನವೆಲ್ಲ ಬಡಿದುಕೊಂಡವನೂ ನಾನೇ.

ತಿಕೋಟಾದಲ್ಲಿ ನನ್ನ ಜೊತೆ ಓದಿದ ರಾಜೇಸಾಬನಿದ್ದಾನೆ. ದ್ರಾಕ್ಷಿ ಬೆಳೆದು, ಒಣಗಿಸಿ ಮಣೂಕ ಮಾಡುವುದು ಅವನ ಕಸುಬು. ದಾಳಿಂಬೆ ತೋಟದ ಅಂಚಿಗೆ ಜೇನುಪೆಟ್ಟಿಗೆಗಳನ್ನೂ ಇಟ್ಟಿದ್ದ. ನಾನು ಅವುಗಳ ಮುಂದೆ ಕುಕ್ಕರಗಾಲಲ್ಲಿ ಕೂತು ಪ್ರಶ್ನೆ ಕೇಳಿ ಕೇಳಿ ಅವನ ತಲೆ ತಿನ್ನುತ್ತಿದ್ದೆ. ಹುಳುವಿಗೆ ದಾರಿ ಹೇಗೆ ನೆನಪಿರುತ್ತದೆ? ಮಳೆ ಬಂದರೆ ಏನು ತಿನ್ನುತ್ತದೆ? ಅವನು ನಗುತ್ತ ಎರಡು ಬಾಟಲಿ ತುಂಬಿ ಕೊಡುತ್ತಿದ್ದ. ಒಂದು ನನಗೆ, ಒಂದು ಅಕ್ಕನಿಗೆ.

ಅಕ್ಕ ಗಂಗವ್ವ ನನಗಿಂತ ಏಳು ವರ್ಷ ದೊಡ್ಡವಳು. ಸಕ್ಕರೆ ಕಾಯಿಲೆ ಎಂದು ಗೊತ್ತಾದ ದಿನದಿಂದ ಅವಳು ಸಿಹಿ ಮುಟ್ಟಿರಲಿಲ್ಲ. ಹೋಳಿಗೆಯನ್ನು ಕಣ್ಣಿಗೊತ್ತಿಕೊಂಡು ಪಕ್ಕದ ತಾಟಿಗೆ ಹಾಕುತ್ತಿದ್ದಳು. ನನಗೆ ಅದನ್ನು ನೋಡಲಾಗುತ್ತಿರಲಿಲ್ಲ. ಅದಕ್ಕೇ ಬಾಟಲಿ ಕೊಟ್ಟು ಹೇಳಿದೆ: “ಅಕ್ಕಾ, ಇದು ಸಿಹಿ ಅಲ್ಲ, ಔಷಧ. ನಾ ಓದೇನಿ.”

ಅವಳು ಒಂದು ಮಾತೂ ಮರುಕೇಳಲಿಲ್ಲ. ಯಾಕೆ ಕೇಳುತ್ತಾಳೆ? ನಮ್ಮ ಮನೆಗಳಲ್ಲಿ ಜೇನು ಅಡಿಗೆಮನೆಗೆ ಹೋಗುವ ಪದಾರ್ಥವೇ ಅಲ್ಲ. ಅದರ ಜಾಗ ದೇವರ ಮಾಡದಲ್ಲಿ, ಗೋಡೆಯೊಳಗಿನ ಆ ಗೂಡಿನಲ್ಲಿ, ವಿಭೂತಿಯ ಪಕ್ಕ. ಲಿಂಗದ ಅಭಿಷೇಕಕ್ಕೆ ಒಂದು ಹನಿ, ಕೆಮ್ಮು ಬಂದವರ ಚೂರ್ಣಕ್ಕೆ ಒಂದು ಹನಿ. ಸಿಹಿ ತಿಂಡಿಯ ಲೆಕ್ಕದಲ್ಲಿ ಅದನ್ನು ಯಾರೂ ಹಿಡಿದಿರಲಿಲ್ಲ. ಅಕ್ಕ ಮುಂಜಾನೆ ಪೂಜೆ ಮುಗಿಸಿ ಅಂಗೈ ತುಂಬ ಜೇನು ಸುರಿದುಕೊಂಡು ನೆಕ್ಕುತ್ತಿದ್ದಳು, ಸಂಜೆ ದೀಪ ಹಚ್ಚಿ ಮತ್ತೊಮ್ಮೆ. ಅವಳ ಮಟ್ಟಿಗೆ ಅದು ಅರ್ಧ ಪ್ರಸಾದ, ಅರ್ಧ ಗುಳಿಗೆ.

ಅದೇ ಹೊತ್ತಿಗೆ ಅವಳ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಅಕ್ಕ ಕೌದಿ ಹೊಲಿಯುವವಳು. ಹಳೆ ಸೀರೆಗಳನ್ನು ಒಂದರ ಮೇಲೊಂದು ಹಾಸಿ ಅವಳು ಹಾಕುವ ಹೊಲಿಗೆ ನೋಡಲು ಓಣಿಯವರೆಲ್ಲ ಬರುತ್ತಿದ್ದರು. ಈಗ ಸೂಜಿಯ ಕಣ್ಣೇ ಕಾಣುತ್ತಿರಲಿಲ್ಲ. ಸೊಸೆ ಶಾಂತಾ ದಿನಾ ಬೆಳಗ್ಗೆ ಹತ್ತು ಸೂಜಿಗೆ ದಾರ ಪೋಣಿಸಿ ದಿಂಬಿಗೆ ಚುಚ್ಚಿಟ್ಟು ಕೆಲಸಕ್ಕೆ ಹೋಗುವಳು. ಸೊಲ್ಲಾಪುರ ರಸ್ತೆಯ ಕಣ್ಣಿನ ಡಾಕ್ಟರು, ಸಕ್ಕರೆ ಇಳಿಯದೆ ಆಪರೇಶನ್ ಇಲ್ಲ ಎಂದುಬಿಟ್ಟಿದ್ದರು. ಮೂರು ಸಲ ಹೋದೆವು. ಮೂರು ಸಲವೂ ಅಂಕಿ ಮೇಲೆಯೇ. ಅಲ್ಲಿಯೇ ಸಕ್ಕರೆ ನೋಡುವ ಡಾಕ್ಟರು ಕೇಳಿದರು:

“ಅಜ್ಜೀ, ಏನರ ಸಿಹಿ ತಿಂತೀರೇನು?”

“ದೇವರಾಣೆ ಮುಟ್ಟಿಲ್ರಿ!”

ಮಾತು ಸತ್ಯವೇ. ಡಾಕ್ಟರು ಗುಳಿಗೆ ಹೆಚ್ಚಿಸಿದರು. ಅಕ್ಕ ಮನೆಗೆ ಬಂದು ಸೊಸೆಯನ್ನು ಹಿಡಿದಳು: “ಚಾದಾಗ ಸಕ್ಕರಿ ಹಾಕಿ ಕೊಡತೀದಿ ನೀ. ನಾ ಕುರುಡಿ ಆಗಿ ಮೂಲ್ಯಾಗ ಬೀಳಲಿ ಅಂತ ಹೌದಿಲ್ಲೋ?” ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ! ಶಾಂತಾ ಎರಡು ದಿನ ಊಟ ಬಿಟ್ಟಳು. ಅಕ್ಕ ಅವಳ ಕೈಯಿಂದ ಸೂಜಿ ಪೋಣಿಸಿಕೊಳ್ಳುವುದನ್ನೂ ಬಿಟ್ಟಳು, ಕೌದಿ ಮಡಚಿ ಇಟ್ಟಳು. ನಾನು ನಡುವೆ ಕೂತು ಇಬ್ಬರಿಗೂ ಬುದ್ಧಿ ಹೇಳಿ, ಹೊಸ ಬಾಟಲಿ ಇಟ್ಟು ಬಂದೆ.

ಹೀಗೆ ಆರು ತಿಂಗಳು ಕಳೆಯಿತು. ಒಮ್ಮೆ ತಿಕೋಟಾದಲ್ಲಿ ಬಾಟಲಿ ತುಂಬುತ್ತಿದ್ದ ರಾಜೇಸಾಬನಿಗೆ, “ನೀನೂ ದಿನಾ ತಿಂತೀಯೇನು?” ಎಂದು ಕೇಳಿದೆ.

“ಯಪ್ಪಾ! ನನಗ ಸಕ್ಕರಿ ಐತಲ್ಲ ಮಾಸ್ತರ. ನಾ ಮುಟ್ಟಂಗಿಲ್ಲ.”

“ಇದು ಹೂವಿನ ರಸ ಅಲ್ಲೇನೋ?”

“ಹೂವಿಂದ ಆದ್ರ ಏನಾತು? ಬ್ಯಾಸಗ್ಯಾಗ ಹೂ ಇಲ್ಲದಾಗ ಹುಳ ಸಾಯಬಾರ್ದಂತ ನಾವು ಸಕ್ಕರಿ ನೀರ ಇಡತೀವಿ. ಅವು ಅದನ್ನೂ ಹಂಗ ಕುಡದು ಬದಕತಾವು.”

ಆ ಮಾತು ತಲೆಯಲ್ಲಿ ಹುಳುವಿನಂತೆಯೇ ಗುಂಯ್‌ಗುಡತೊಡಗಿತು. ಮನೆಗೆ ಬಂದು ಸಕ್ಕರೆ ನೋಡುವ ಮಶೀನು ತಂದೆ. ಒಂದು ಮುಂಜಾನೆ ಖಾಲಿ ಹೊಟ್ಟೆಯಲ್ಲಿ ಎರಡು ಚಮಚ ಸಕ್ಕರೆ, ಮರುದಿನ ಎರಡು ಚಮಚ ಜೇನು. ತಿನ್ನುವ ಮೊದಲೊಮ್ಮೆ, ತಿಂದ ಮೇಲೊಮ್ಮೆ ಬೆರಳು ಚುಚ್ಚಿಕೊಂಡೆ. ಹೆಂಡತಿ, “ಇನ್ನ ಚುಚ್ಚಾಕ ಜಾಗಾ ಉಳದೈತೇನ್ರಿ?” ಎಂದಳು. ಎರಡೂ ದಿನ ಅಂಕಿ ಏರಿತು. ಯಾವುದು ಹೂವಿನದು, ಯಾವುದು ಕಾರ್ಖಾನೆಯದು ಎಂದು ಮಶೀನಿಗೆ ಗೊತ್ತಿರಲಿಲ್ಲ. ಆಗ ಆ ಹಳೆಯ ಲೇಖನ ಹುಡುಕಿ ಕೊನೆಯವರೆಗೆ ಓದಿದೆ. ಸಕ್ಕರೆಯ ಬದಲಿಗೆ, ಅಲ್ಪ ಪ್ರಮಾಣದಲ್ಲಿ, ಆರೋಗ್ಯವಂತರು ತಿಂದರೆ ಮಾತ್ರ ಎಂದಿತ್ತು. ಮಧುಮೇಹಿಗಳು ವೈದ್ಯರನ್ನು ಕೇಳದೆ ತಿನ್ನಬಾರದು. ಅಲ್ಪ ವಿದ್ಯೆ ಮಹಾಗರ್ವಿ ಎಂದು ನಾನು ಎಷ್ಟು ಮಕ್ಕಳಿಗೆ ಬೈದಿದ್ದೆನೋ!

ಮೊದಲು ಆ ಸಕ್ಕರೆ ಡಾಕ್ಟರ ಹತ್ತಿರ ಓಡಿದೆ. ಅವರು ಹಣೆ ಬಡಿದುಕೊಂಡರು. “ಕೊಬ್ಬಿಗೆ ಒಂಚೂರು ಅನುಕೂಲ ಇದ್ರೂ ಇರಬಹುದು, ಅದೂ ಪಕ್ಕಾ ಇಲ್ಲ. ಇವರಿಗೆ ಮಾತ್ರ ಜೇನೂ ಸಕ್ಕರೀನರಿ. ಬಿಡಿಸೋಕಿಂತ ಮೊದ್ಲ ಹೇಳಿದ್ದು ಚಲೋ ಆತು. ಗುಳಿಗಿ ಏರಿಸೀವಿ; ಜೇನ ಬಿಟ್ಟು ಅಷ್ಟೂ ಗುಳಿಗಿ ನುಂಗಿದ್ರ ಸಕ್ಕರಿ ಇಳದು ತಲಿ ತಿರುಗಿ ಬೀಳ್ತಿದ್ರು.” ಚೀಟಿ ಬದಲಿಸಿ ಬರೆದುಕೊಟ್ಟರು.

ಬಬಲೇಶ್ವರದ ಬಸ್ಸು ಅಂದು ಅಷ್ಟು ಬೇಗ ಮುಟ್ಟಬಾರದಿತ್ತು. ಶಾಂತಾಳನ್ನೂ ಕೂರಿಸಿ ಎಲ್ಲ ಹೇಳಿದೆ. ಅಕ್ಕನಿಗೆ ನಂಬಿಕೆಯೇ ಬರಲಿಲ್ಲ.

“ದೇವರ ಮಾಡದಾಗಿಂದು ಹ್ಯಾಂಗ ಬ್ಯಾನಿ ಮಾಡತೈತೋ ತಮ್ಮಾ?”

“ನಾಲಿಗಿಗಿ ಸಿಹಿ ಹತ್ತಲಿಲ್ಲೇನಕ್ಕಾ?”

“ಹತ್ತಿತ್ತು. ಔಷಧ ಸಿಹಿ ಐತಿ, ದೇವರು ದೊಡ್ಡಾಂವ ಅಂದ್ಕೊಂಡ್ನಿ.” ಸೊಸೆ ಕೂತ ಕಡೆ ಕೈ ತೋರಿಸಿದಳು. “ಓದಿದಾಂವ ಅಂತ ನಿನ್ನ ನಂಬಿದ್ನೋ. ಇಕಿಗಿ ಏನೇನೋ ಅಂದ್ನಲ್ಲೋ ನಾ.” ಆಮೇಲೆ ಎದ್ದು ಗೋಡೆ ಹಿಡಿದು ಹೋಗಿ ಕೌದಿ ತಂದಳು. ದಾರದ ಉಂಡೆಯನ್ನು ಮುಂದೆ ಚಾಚಿ, “ಶಾಂತಾ, ಸೂಜಿ ಪೋಣಿಸಿ ಕೊಡ ಬೇ” ಎಂದಳು. ಶಾಂತಾ ಅಳುತ್ತಲೇ ಪೋಣಿಸಿದಳು. ನನಗೆ ಎಲ್ಲಿ ನೋಡಬೇಕೋ ತಿಳಿಯಲಿಲ್ಲ.

ಸಕ್ಕರೆ ಇಳಿಯಿತು, ಬಲಗಣ್ಣಿನ ಆಪರೇಶನ್ ಆಯಿತು. ಪಟ್ಟಿ ಬಿಚ್ಚಿದಾಗ ನಾನೂ ಶಾಂತಾಳೂ ಎದುರಿಗಿದ್ದೆವು. ಅಕ್ಕ ನನ್ನನ್ನು ದಾಟಿ ಸೊಸೆಯ ಮುಖ ನೋಡಿದಳು. “ಎಷ್ಟ ಸೊರಗೀದಿ ಬೇ! ನನಗ ಕಾಣಸೇ ಇರಲಿಲ್ಲ.” ಎಡಗಣ್ಣಿಗೂ ಆಮೇಲೆ ಆಪರೇಶನ್ ಆಯಿತು, ಆದರೆ ಬೆಳಕು ಸರಿಯಾಗಿ ಬರಲಿಲ್ಲ. ಒಳಗಿನ ಪರದೆಗೆ ಸಕ್ಕರೆಯಿಂದ ಪೆಟ್ಟು ಬಿದ್ದಿದೆ ಎಂದರು ಕಣ್ಣಿನ ಡಾಕ್ಟರು. ಆ ಆರು ತಿಂಗಳಲ್ಲೇ ಬಿದ್ದದ್ದೋ, ಮೊದಲೇ ಬಿದ್ದಿತ್ತೋ, ಅವರು ಹೇಳಲಿಲ್ಲ. ಕಂಡಕಂಡದ್ದಕ್ಕೆಲ್ಲ ಪ್ರಶ್ನೆ ಕೇಳುವ ನಾನು ಅದೊಂದನ್ನು ಇವತ್ತಿಗೂ ಕೇಳಿಲ್ಲ.

ಇಷ್ಟೆಲ್ಲ ನೆನೆಯುತ್ತ ನಿಂತಿರುವಾಗ ಅಂಗಡಿಗೆ ಒಬ್ಬ ಹೆಣ್ಣುಮಗಳು ಬಂದಳು. ವಾಸನೆ ನೋಡಿ, “ನಮ್ಮ ಮನಿಯವ್ರಿಗೆ ಸಕ್ಕರಿ ಐತಿ, ಒಂದ ಕೊಡಪಾ” ಎಂದು ಚೀಲ ಬಿಚ್ಚಿದಳು. ನನಗೆ ತಡೆಯಲಾಗಲಿಲ್ಲ.

“ಯವ್ವಾ, ಡಾಕ್ಟರಿಗಿ ಕೇಳಿ ಒಯ್ರಿ. ಇದೂ ಸಕ್ಕರೀನ.”

ಅಂಗಡಿಯವನು ನನ್ನನ್ನು ನುಂಗುವ ಹಾಗೆ ನೋಡಿದ. ಅವಳು ನನ್ನನ್ನು ಅಡಿಯಿಂದ ಮುಡಿಯತನಕ ಅಳೆದು, “ನೀವು ಡಾಕ್ಟರೇನ್ರಿ?” ಎಂದಳು.

“ಅಲ್ರಿ ಯವ್ವಾ,” ಎಂದೆ. “ನಮ್ಮಕ್ಕಗ ಒಂದ ಕಣ್ಣ ಕಾಣಸಂಗಿಲ್ಲ. ಜೇನ ತಂದು ಕೊಟ್ಟಾಂವ ನಾನು.”