ನಾಯಿಗಳ ಬೋಗುಣಿ

ನನ್ನ ಸೋದರಮಾವ ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದವನು. ಊಟಕ್ಕೆ ಕೂತರೂ ಒಂದು ಮಂಡಿ ಮೇಲೆತ್ತಿಕೊಂಡು ಕೂರುತ್ತಿದ್ದ, ಯಾರಾದರೂ ಕೂಗಿದರೆ ಎದ್ದು ಓಡುವುದಕ್ಕೆ ಸಲೀಸಾಗಲಿ ಎಂದು. ಯಾರೂ ಕೂಗುತ್ತಿರಲಿಲ್ಲ, ಅದು ಬೇರೆ ಮಾತು. ಬೀದಿಯವರು ಅವನನ್ನು ಗಡಿಬಿಡಿ ಎಂದೇ ಕರೆಯುತ್ತಿದ್ದರು. ಮನೆಯ ಹಿತ್ತಲಿನಲ್ಲಿ ಕುರಿಗಳು, ಬೀದಿಯ ಕಡೆಯ ಕೋಣೆಯಲ್ಲಿ ಮಾಂಸದ ಅಂಗಡಿ. ತಾನೇ ಸಾಕಿ, ತಾನೇ ಕೊಯ್ದು, ತಾನೇ ತೂಗಿ ಕೊಡುತ್ತಿದ್ದ. ಒಂದು ಕೆಲಸ ಮುಗಿಯುವ ಮೊದಲೇ ಅವನ ಕಾಲು ಇನ್ನೊಂದರ ಕಡೆಗೆ ಹೊರಟಿರುತ್ತಿತ್ತು.

ಒಂದೇ ಒಂದು ಕೆಲಸಕ್ಕೆ ಮಾತ್ರ ಅವಸರ ಮಾಡುತ್ತಿರಲಿಲ್ಲ. ಕುರಿಯ ಹೊಟ್ಟೆ ಸೀಳಿದ ಮೇಲೆ ಲಿವರ್ ತೆಗೆದು ಕಿಟಕಿಯ ಬೆಳಕಿಗೆ ಹಿಡಿದು, ಮಗುಚಿ ಮಗುಚಿ ನೋಡುತ್ತಿದ್ದ. ಕೆಲವೊಂದರ ಮೇಲೆ ಬಿಳಿ ಗುಳ್ಳೆಗಳಿರುತ್ತಿದ್ದವು, ಒಳಗೆ ತಿಳಿನೀರು. ಬೇರೆ ಅಂಗಡಿಯವರು ಗುಳ್ಳೆಯಷ್ಟನ್ನೇ ಕೊಯ್ದು ಬಿಸಾಡಿ, ಉಳಿದದ್ದನ್ನು ತೂಗಿಬಿಡುತ್ತಿದ್ದರು. ಮಾವ ಮುಖ ಕಿವುಚಿ ಇಡೀ ಲಿವರನ್ನೇ ಪಕ್ಕದ ಬೋಗುಣಿಗೆ ಹಾಕುತ್ತಿದ್ದ.

"ಇದನ್ನ ಜನಕ್ಕೆ ತಿನ್ನಿಸಿ ನಾನು ಉದ್ಧಾರ ಆಗ್ತೀನಾ?" ಎನ್ನುತ್ತಿದ್ದ, ಗಿರಾಕಿಗಳಿಗೆ ಕೇಳಿಸುವ ಹಾಗೆ. ಸ್ವಲ್ಪ ಜಂಬವೂ ಇತ್ತು ಅನ್ನಿ. ಆದರೆ ಮಾತು ನಿಜ.

ಬೋಗುಣಿ ಅತ್ತೆಯ ಖಾತೆ. ಅವಳಿಗೆ ಹೆತ್ತ ಮಕ್ಕಳಿಲ್ಲ, ಬೀದಿಯ ನಾಯಿಗಳೇ ಮಕ್ಕಳು. ಮೊದಲ ಪಾಲು ಮನೆಯ ನಾಯಿ ದೊರೆಗೆ. ಹೆಸರಿಗೆ ತಕ್ಕ ಹಾಗೆ ಅವನು ಹಿತ್ತಲಿನ ಸೊಪ್ಪಿನ ಮಡಿಯನ್ನೇ ಹಾಸಿಗೆ ಮಾಡಿಕೊಂಡಿದ್ದ. ಉಳಿದದ್ದನ್ನು ಅತ್ತೆ ಬೀದಿಗೆ ಒಯ್ಯುತ್ತಿದ್ದಳು. ದರ್ಜಿಯ ಮನೆಯ ನಾಯಿ, ಬೇಕರಿಯವನ ನಾಯಿ, ಯಾರದೂ ಅಲ್ಲದ ಕುಂಟ ನಾಯಿ, ಎಲ್ಲವೂ ಅವಳ ಸೆರಗು ಹಿಡಿದು ಬರುತ್ತಿದ್ದವು. "ನನಗೊಂದು ತುಂಡು ಕೇಳಿದರೆ ಇಷ್ಟು ಧಾರಾಳ ಇಲ್ಲ" ಎಂದು ನಾನು ರೇಗಿಸುತ್ತಿದ್ದೆ.

ಆಮೇಲೆ ಅತ್ತೆಗೆ ಬಲಪಕ್ಕೆಯ ಕೆಳಗೆ ಭಾರ ಶುರುವಾಯಿತು. ಗ್ಯಾಸು ಎಂದಳು. ಮಾವನೂ ಗ್ಯಾಸು ಎಂದ. ಆ ಮನೆಯಲ್ಲಿ ತಲೆನೋವಿನಿಂದ ಹಿಡಿದು ಕಾಲುನೋವಿನವರೆಗೆ ಎಲ್ಲವೂ ಗ್ಯಾಸೇ. ಕೊನೆಗೆ ನಾನೇ ಜಗಳವಾಡಿ ಸ್ಕ್ಯಾನಿಂಗಿಗೆ ಕರೆದುಕೊಂಡು ಹೋದೆ. ಲಿವರಿನಲ್ಲಿ ದೊಡ್ಡ ಚೀಲದಂಥದ್ದು ಬೆಳೆದಿದೆ, ಆಪರೇಷನ್ ಆಗಬೇಕು ಎಂದರು. 

ಆಪರೇಷನ್ ದಿನ ಮಾವ ಆಸ್ಪತ್ರೆಯ ವರಾಂಡದಲ್ಲಿ ಆ ಗೋಡೆಯಿಂದ ಈ ಗೋಡೆಗೆ ತಿರುಗಿದ್ದೇ ತಿರುಗಿದ್ದು. ನೆಲ ಒರೆಸುವವಳಿಗೆ ರೇಗಿತು. "ಯಜಮಾನ್ರೇ, ಒರೆಸಿದ್ದು ಒಣಗೋಕಾದ್ರೂ ಬಿಡಿ!" ಎಂದಳು. ಅವನು ಬೆಂಚಿನ ತುದಿಯಲ್ಲಿ ಕೂತ, ಎದ್ದ, ನೀರು ಕುಡಿಯಲು ಹೋಗಿ ಕುಡಿಯದೆ ಬಂದ. ನನಗೂ ಹೆದರಿಕೆಯಿತ್ತು, ಆದರೆ ಅವನನ್ನು ಬೈಯುವುದರಲ್ಲಿ ಸ್ವಲ್ಪ ಹಗುರಾಗುತ್ತಿತ್ತು.

ಕಡೆಗೆ ಡಾಕ್ಟರಮ್ಮ ಹೊರಗೆ ಬಂದರು. ಅತ್ತೆ ಪಾರಾಗಿದ್ದಳು. ಹಿಂದೆ ಬಂದ ನರ್ಸಿನ ಕೈಯಲ್ಲಿ ಸ್ಟೀಲಿನ ತಟ್ಟೆಯಿತ್ತು. "ತೆಗೆದದ್ದು ಇದು, ನೋಡ್ತೀರಾ?" ಎಂದರು ಡಾಕ್ಟರಮ್ಮ. ನಾನು ಮುಖ ತಿರುಗಿಸಿಕೊಂಡೆ. ಮಾವ ಬಗ್ಗಿ ನೋಡಿದ. ಬಿಳಿಯ ಚೀಲ, ಅದರೊಳಗೆ ತಿಳಿನೀರು. ಅವನ ಕಾಲು ನಿಂತಲ್ಲೇ ನಿಂತಿತು.

"ಇದು ನಂಗೊತ್ತು," ಎಂದ. "ಇದು ಕುರೀದು."

"ಕುರೀದಲ್ಲ, ನಿಮ್ಮ ಮನೆಯವರದ್ದೇ," ಎಂದರು ಡಾಕ್ಟರಮ್ಮ. "ಮನೇಲಿ ನಾಯಿ ಇದೆಯಾ? ಅದಕ್ಕೆ ಏನು ಹಾಕ್ತೀರಿ?"

ಮಾವ ಎದೆ ಸೆಟೆಸಿಕೊಂಡು, ಜೀವಮಾನವೆಲ್ಲ ಕೊಟ್ಟ ಉತ್ತರವನ್ನೇ ಕೊಟ್ಟ. "ಕೆಟ್ಟ ಲಿವರ್ನ ನಾನು ಮನುಷ್ಯರಿಗೆ ಮಾರೋನಲ್ಲ ಡಾಕ್ಟ್ರೇ. ನಾಯಿಗೇ ಹಾಕೋದು."

ಆಕೆ ಅವನನ್ನು ಬೈಯಬಹುದಿತ್ತು. ಬೈದಿದ್ದರೆ ಚೆನ್ನಾಗಿತ್ತು. ಮೆಲ್ಲಗೆ, ಮಗುವಿಗೆ ಹೇಳುವ ಹಾಗೆ ಹೇಳಿದರು. ಆ ಗುಳ್ಳೆಯಲ್ಲಿರುವುದು ಹುಳದ ಮರಿ. ನಾಯಿ ಅದನ್ನು ತಿಂದರೆ ಅದರ ಕರುಳಿನಲ್ಲಿ ಹುಳ ಬೆಳೆಯುತ್ತದೆ. ಕಣ್ಣಿಗೆ ಕಾಣದ ಮೊಟ್ಟೆಗಳು ನಾಯಿಯ ಹೇಲಿನಲ್ಲಿ ಹೊರಗೆ ಬಂದು ಮಣ್ಣಿಗೆ, ಹುಲ್ಲಿಗೆ, ಸೊಪ್ಪಿಗೆ, ನಾಯಿಯ ಕೂದಲಿಗೆ ಅಂಟುತ್ತವೆ. ಹುಲ್ಲಿನ ಜೊತೆ ಕುರಿಯ ಹೊಟ್ಟೆಗೆ ಹೋದರೆ ಕುರಿಗೆ ಗುಳ್ಳೆ, ತೊಳೆಯದ ಕೈಯಿಂದ ನಮ್ಮ ಬಾಯಿಗೆ ಹೋದರೆ ನಮಗೆ ಗುಳ್ಳೆ. ಬೆಳೆಯಲು ವರ್ಷಗಳೇ ಬೇಕು, ಅಲ್ಲಿಯವರೆಗೆ ಗೊತ್ತೇ ಆಗುವುದಿಲ್ಲ.

"ಅಂಥ ಲಿವರ್ ಸುಟ್ಟುಬಿಡಿ, ಇಲ್ಲಾ ನಾಯಿ ಕೆದಕದಷ್ಟು ಆಳಕ್ಕೆ ಹೂಳಿ. ನಾಯಿಗೆ ತಪ್ಪದೆ ಹುಳದ ಮಾತ್ರೆ ಕೊಡ್ತಾ ಇರಿ. ಕೈ ತೊಳೀರಿ, ಸೊಪ್ಪು ತೊಳೀರಿ. ನೀವೂ ಒಂದ್ಸಲ ಸ್ಕ್ಯಾನ್ ಮಾಡಿಸ್ಕೊಳ್ಳಿ," ಎಂದು ಹೋದರು.

ಮಾವ ತನ್ನ ಕೈಗಳನ್ನು ನೋಡಿಕೊಂಡ. "ಅವಳಿಗೆ ಹೇಳ್ಬೇಡ ಕಣೇ," ಎಂದ. "ನಾನೇ ಹೇಳ್ತೀನಿ."

ಹೇಳಿದನೇ? ಎಲ್ಲಿ! ಅತ್ತೆ ಮನೆಗೆ ಬಂದಳು, ಕಿಟಕಿಯ ಪಕ್ಕದ ಮಂಚ ಹಿಡಿದಳು. ಮಾವ ಹಿತ್ತಲಿನಲ್ಲಿ ಆಳವಾದ ಗುಂಡಿ ತೋಡಿದ. ಸೊಪ್ಪಿನ ಮಡಿಗೆ ಬೇಲಿ ಹಾಕಿದ. ದೊರೆಯನ್ನು ಕಟ್ಟಿ, ಪಶುವೈದ್ಯರು ಕೊಟ್ಟ ಮಾತ್ರೆ ನುಂಗಿಸಿದ. ಚರ್ಮ ಕಿತ್ತುಬರುವ ಹಾಗೆ ಕೈ ತೊಳೆದ. ಮಂಚದ ಹತ್ತಿರ ಬಂದು "ನೋಡೇ..." ಎಂದು ಶುರುಮಾಡುವನು, "ಕುರಿಗೆ ನೀರಿಟ್ಟಿಲ್ಲ" ಎಂದು ಓಡುವನು. ಕುರಿಗಳು ಆ ವಾರ ಕುಡಿದಷ್ಟು ನೀರು ಯಾವತ್ತೂ ಕುಡಿದಿರಲಿಕ್ಕಿಲ್ಲ.

ಹೆಂಡತಿಗೆ ಹೇಳಲಾಗದ್ದನ್ನು, ನಮ್ಮ ಬೀದಿಯೊಂದನ್ನು ಬಿಟ್ಟು, ಊರಿಗೆಲ್ಲ ಹೇಳಿಬಂದ. ಕುರಿ ಸಾಕುವವರ ಹಟ್ಟಿಹಟ್ಟಿಗೂ ಹೋದ. ಅವರು ಅವನ ಮಾತನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. "ನಮ್ಮಪ್ಪನ ಕಾಲದಿಂದ ಹಾಕ್ತಾ ಇದೀವಿ, ನಮ್ಮ ನಾಯಿ ಗುಂಡುಕಲ್ಲಿನ ಹಾಗಿದೆ ನೋಡು," ಎಂದು ನಕ್ಕರು.

"ನಾಯಿಗೇನೂ ಆಗಲ್ಲ ಕಣ್ರಯ್ಯಾ, ಅದೇ ಕೇಡು!" ಎಂದು ಕೂಗಾಡಿ, ಗಂಟಲು ಕಟ್ಟಿಸಿಕೊಂಡು ಬಂದ.

ನನಗೆ ತಡೆಯಲಾಗಲಿಲ್ಲ. "ಮಾವ, ನೀನು ಹೇಳ್ತೀಯೋ ನಾನು ಹೇಳಲೋ?" ಎಂದೆ. ಅದೇ ಹೊತ್ತಿಗೆ ಒಳಗಿನಿಂದ ಅತ್ತೆ ಕೂಗಿದಳು. "ರೀ, ದೊರೇನ ಯಾಕ್ರೀ ಕಟ್ಟಿದೀರಾ? ನನ್ನ ಬೋಗುಣಿ ಎಲ್ಲಿ? ನಾಯಿಗಳಿಗೆ ಯಾರು ಹಾಕ್ತಿದಾರೆ?"

ಮಾವ ಬಾಗಿಲಲ್ಲಿ ನಿಂತ. ಈ ಸಲ ಓಡಲಿಲ್ಲ. ಗುಳ್ಳೆ, ನಾಯಿ, ಹುಳ, ಸೊಪ್ಪು, ಎಲ್ಲವನ್ನೂ ಹಿಂದುಮುಂದಾಗಿ, ತೊದಲುತ್ತ ಹೇಳಿದ. "ಜನರ ಹೊಟ್ಟೆ ಕೆಡಬಾರದು ಅಂತ ನೋಡ್ಕೊಂಡೆ ಕಣೇ. ನಿನ್ನ ಹೊಟ್ಟೆಗೆ ನಾನೇ ಹಾಕಿದೆ," ಎಂದು ಹೊಸ್ತಿಲ ಬಳಿ ಕುಸಿದು ಕೂತ. ಎರಡೂ ಮಂಡಿ ನೆಲಕ್ಕೆ ತಾಗಿಸಿ ಅವನು ಕೂತದ್ದನ್ನು ನಾನು ನೋಡಿದ್ದು ಅದೇ ಮೊದಲು. ಅಯ್ಯೋ ಪಾಪ ಅನ್ನಿಸಿತು.

ಅತ್ತೆ ಅಳುತ್ತಾಳೆ, ಇಲ್ಲವೇ ಶಾಪ ಹಾಕುತ್ತಾಳೆ ಎಂದುಕೊಂಡಿದ್ದೆ. ಅವಳು ಕಿಟಕಿಯ ಆಚೆ ನೋಡುತ್ತಿದ್ದಳು. ಎದುರುಮನೆಯ ಜಗಲಿಯಲ್ಲಿ ದರ್ಜಿಯ ಮೊಮ್ಮಗಳು ತಮ್ಮ ನಾಯಿಯ ಕೊರಳು ತಬ್ಬಿಕೊಂಡು, ಅದರ ಬೆನ್ನಿನ ಮೇಲೆ ಕೆನ್ನೆಯಿಟ್ಟು, ಕೈಯಲ್ಲಿದ್ದ ಬ್ರೆಡ್ಡು ಕಚ್ಚುತ್ತಿದ್ದಳು.

"ನೀವು ಬರೀ ಬೋಗುಣಿಗೆ ಹಾಕಿದ್ರಿ," ಎಂದಳು ಅತ್ತೆ. "ಬೀದಿಗೆಲ್ಲ ಹಂಚಿದ್ದು ನಾನು."

ಪಕ್ಕೆ ಹಿಡಿದುಕೊಂಡು ಮಂಚದಿಂದ ಕಾಲು ಇಳಿಸಿದಳು. "ಅತ್ತೆ, ಹೊಲಿಗೆ ಬಿಚ್ಕೊಳ್ಳುತ್ತೆ!" ಎಂದು ಕಿರುಚಿದೆ.

"ಬಿಚ್ಕೊಂಡ್ರೆ ಹಾಕಿಸ್ಕೊಳ್ಳೋಣ. ಮೊದ್ಲು ದರ್ಜಿ ಮನೆ, ಆಮೇಲೆ ಬೇಕರಿ. ನಿಮ್ಮಾವ ಹೇಳಿದ್ರೆ ನಗ್ತಾರೆ. ನಾನು ಹೊಟ್ಟೆ ತೋರಿಸ್ತೀನಿ, ಯಾರು ನಗ್ತಾರೋ ನೋಡೋಣ."

ಹೊಸ್ತಿಲಿನಲ್ಲಿ ಕೂತಿದ್ದ ಮಾವನ ಹೆಗಲಿಗೆ ಕೈಯೂರಿದಳು. "ಏಳ್ರೀ. ಜೀವಮಾನವೆಲ್ಲ ಸುಮ್ಸುಮ್ನೆ ಓಡಾಡಿದ್ರಿ. ಇವತ್ತು ಕೆಲಸ ಇದೆ."

ಮಾವ ಎದ್ದು ಒಂದು ಕಡೆ ಹಿಡಿದುಕೊಂಡ, ನಾನು ಇನ್ನೊಂದು ಕಡೆ. ನಾವು ಬೀದಿಗೆ ಇಳಿದದ್ದೇ ತಡ, ನಾಯಿಗಳೆಲ್ಲ ಬಾಲ ಅಲ್ಲಾಡಿಸುತ್ತ ಓಡಿಬಂದವು. ಅತ್ತೆಯ ಬರಿಗೈಯನ್ನು ಮೂಸಿ ನೋಡಿ, ಮುಖ ಮೇಲೆತ್ತಿ ಕಾದವು.